ಕಾಡು ಅಣಬೆಗಳನ್ನು ಗುರುತಿಸುವ ಕ್ರಮ

ಮಳೆ ಬಿದ್ದು ನೆಲ ನೆನೆದೊಡನೆ ಬಂಗಾರಪೇಟೆ, ಬೂದಿಕೋಟೆ, ಕಾಮಸಮುದ್ರಗಳ ಕಡೆಯ ಕುರುಚಲು ಕಾಡುಗಳಲ್ಲಿಯೂ ಕೋಲಾರ ಚಿನ್ನದ ಗಣಿಪ್ರದೇಶದ ಬಯಲುಗಳಲ್ಲಿಯೂ ಅಣಬೆಗಳು ತಲೆಯೆತ್ತುವುವು. ಇವುಗಳಲ್ಲಿ ಕೆಲವು ಉತ್ತಮವಾದ ಆಹಾರ, ಕೆಲವು ಪ್ರಾಣಾಂತಕ. ಆದುದರಿಂದ ಗ್ರಾಮದ ಮುಖಂಡರೂ ಜಮೀನುದಾರರೂ ಈ ಕೆಳಗಣ ವಿಷಯಗಳನ್ನು ತಾವು ತಿಳಿದು, ಕೂಲಿಯವರಿಗೂ ದನಗಾಹಿಗಳಿಗೂ ತಿಳಿಯಪಡಿಸುವುದು ಅವಶ್ಯಕ.

ತಪ್ಪು ನಂಬಿಕೆಗಳು.— ಅಣಬೆಯೊಡನೆ ಬೇಯಿಸಿದ ಬೆಳ್ಳಿಯ ನಾಣ್ಯವು ಕಪ್ಪಾಗದಿದ್ದರೆ ದೋಷವಿಲ್ಲವೆಂದೂ, ಹುಳು ತಿಂದ ಅಣಬೆಯನ್ನು ಮನುಷ್ಯರೂ ತಿನ್ನಬಹುದೆಂದೂ ಹಲವರು ನಂಬಿರುವರು. ಇವೆರಡೂ ಸುಳ್ಳು. ಅತ್ಯಂತ ಘೋರವಾದ ಅಣಬೆಯ ವಿಷವು ಬೇಯಿಸಿದರೂ ಒಣಗಿಸಿದರೂ ನಾಶವಾಗದು.

ಕೀಳುವ ಕ್ರಮ.— ಕಾಂಡವನ್ನು ನೆಲದ ಮಟ್ಟಕ್ಕೆ ಮುರಿಯಬಾರದು. ಮುಖ್ಯವಾದ ಗುರುತು ಮಣ್ಣಿನೊಳಗಿರುವುದರಿಂದ ಸುತ್ತಲಿನ ಮಣ್ಣನ್ನು ಬಿಡಿಸಿ ಬುಡಸಹಿತ ಎತ್ತತಕ್ಕದ್ದು.

ಹುತ್ತದ ಅಣಬೆ.— ಇದು ಗೆದ್ದಲು ಸಾಕುವ ಬೂಷ್ಟಿನಿಂದ ಹುಟ್ಟುವುದು. ಕೊಡೆಯ ನಡುವೆ ಮೊನೆಯಂತಹ ಉಬ್ಬು ಇರುವುದು. ಕಾಂಡವು ಬೇರಿನಂತೆ ನೀಳವಾಗಿ ಗೆದ್ದಲಿನ ಗೂಡಿನವರೆಗೂ ಇಳಿದಿರುವುದು. ಬುಡದಲ್ಲಿ ಚೀಲವಿರದು. ಇದು ತಿನ್ನಲು ಯೋಗ್ಯವಾದುದು. ಆದರೆ ಹುತ್ತದ ಬಳಿ ಬೆಳೆದುದೆಲ್ಲವೂ ಹುತ್ತದ ಅಣಬೆಯಲ್ಲ. ಎಲ್ಲ ಗುರುತುಗಳೂ ಒಟ್ಟಿಗೆ ಕೂಡಿರಬೇಕು.

ಅಮನೀಟ.— ಈ ಜಾತಿಯ ಘೋರ ವಿಷಾಣಬೆಗಳಲ್ಲಿ ಕೊಡೆಯ ಕೆಳಗಣ ಪದರುಗಳು ಬೆಳ್ಳಗೂ, ಕಾಂಡದ ಮೇಲ್ಭಾಗದಲ್ಲಿ ಉಂಗುರವೂ, ಮಣ್ಣಿನೊಳಗೆ ಬುಡವನ್ನು ಸುತ್ತಿದ ಬಟ್ಟಲಿನಂತಹ ಚೀಲವೂ ಇರುವುವು. ಉಂಗುರವು ಕಳಚಿ ಬಿದ್ದಿರಲೂಬಹುದು. ಬುಡದಲ್ಲಿ ಚೀಲವಿರುವ ಯಾವ ಕಾಡು ಅಣಬೆಯನ್ನೂ ತಿನ್ನಕೂಡದು.

ಹಸಿರು ಪದರಿನ ಅಣಬೆ.— ಹುಲ್ಲುಬಯಲಿನಲ್ಲಿ ಬೆಳೆಯುವ ಇದರ ಬಿಳಿಯ ಕೊಡೆಯ ಮೇಲೆ ಕಂದು ಹೊಪ್ಪಳೆಗಳಿರುವುವು. ಎಳೆಯದರಲ್ಲಿ ಬಿಳಿಯ ಪದರುಗಳು ಬಲಿತಂತೆ ಹಸಿರಾಗುವುವು. ಕೊಡೆಯನ್ನು ಬಿಳಿಯ ಕಾಗದದ ಮೇಲೆ ಬೋರಲಾಗಿ ರಾತ್ರಿಯೆಲ್ಲ ಇಟ್ಟರೆ ಹಸಿರು ಪುಡಿ ಬೀಳುವುದು. ಇದನ್ನು ತಿಂದವರಿಗೆ ಕೆಲವೇ ಗಂಟೆಗಳಲ್ಲಿ ತೀವ್ರವಾದ ವಾಂತಿಭೇದಿಯಾಗುವುದು.

ಗಣಿಯ ದಿಬ್ಬಗಳು.— ಚಿನ್ನದ ಗಣಿಗಳು ೨೦೦೧ರಲ್ಲಿ ಮುಚ್ಚಲ್ಪಟ್ಟರೂ, ಸಯನೈಡಿನಿಂದ ಚಿನ್ನವನ್ನು ತೆಗೆದುಕೊಂಡ ಮೇಲೆ ಉಳಿದ ಅದಿರುಪುಡಿಯ ದಿಬ್ಬಗಳು ಅಲ್ಲಿಯೇ ಇವೆ. ಅಣಬೆಗಳು ನೆಲದಲ್ಲಿನ ಲೋಹಾಂಶಗಳನ್ನು ಹೀರಿ ತಮ್ಮಲ್ಲಿ ಸಂಗ್ರಹಿಸುವ ಸ್ವಭಾವದವು. ಆದುದರಿಂದ ಆ ಸುತ್ತಿನಲ್ಲಿ ಬೆಳೆದ ಒಳ್ಳೆಯ ಜಾತಿಯನ್ನೂ ಬಿಡುವುದೇ ಲೇಸು.

ವಿಷವೇರಿದಾಗ.— ಅಮನೀಟದ ವಿಷವು ಸಾಮಾನ್ಯವಾಗಿ ೬ ಗಂಟೆಗಳಿಗೂ ಮೀರಿ ತಡವಾಗಿ ತೋರುವುದು. ವಾಂತಿಭೇದಿಗಳು ನಿಂತು ರೋಗಿಯು ಒಂದು ದಿನ ಗುಣವಾದಂತೆ ಕಾಣುವನು. ಆದರೆ ಅಷ್ಟರಲ್ಲಿ ಯಕೃತ್ತು ಕೆಡುತ್ತಿರುವುದು. ಈ ನೆಮ್ಮದಿಯನ್ನು ನಂಬಿ ಮನೆಯಲ್ಲಿ ಕುಳಿತವರೇ ಪ್ರಾಣ ಕಳೆದುಕೊಳ್ಳುವರು. ಆದುದರಿಂದ ಅದೇ ಅಣಬೆಯನ್ನು ತಿಂದ ಎಲ್ಲರನ್ನೂ, ಲಕ್ಷಣ ತೋರದವರನ್ನೂ ಸಹ, ಉಳಿದ ಅಣಬೆಯೊಡನೆ ಕೂಡಲೇ ಆಸ್ಪತ್ರೆಗೆ ಕಳುಹಿಸತಕ್ಕದ್ದು.

ಅಣಬೆಯ ರುಚಿಯುಳ್ಳವರು ಭತ್ತದ ಹುಲ್ಲಿನ ಮೇಲೆ ಚಿಪ್ಪಣಬೆಯನ್ನು ಮನೆಯಲ್ಲಿಯೇ ಬೆಳೆಯಬಹುದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಇದಕ್ಕೆಂದೇ ಅಣಬೆಯ ಪ್ರಯೋಗಶಾಲೆಯುಂಟು. ಕಾಡಿನ ಅಣಬೆಯಲ್ಲಿ ಸ್ವಲ್ಪ ಸಂಶಯವಿದ್ದರೂ ಅದನ್ನು ಒಲೆಯ ಬಳಿಗೆ ತರಬಾರದು.