ಪ್ರದರ್ಶನದ ಶೆಫರ್ಡ್, ಬಂಡೀಪುರದ ಶೆಫರ್ಡ್

ಜರ್ಮನ್ ಶೆಫರ್ಡ್ ಎಂಬ ಒಂದೇ ಹೆಸರಿನಲ್ಲಿ ಇಂದು ಎರಡು ಬಗೆಯ ನಾಯಿಗಳಿವೆ. ಒಂದು, ಶ್ವಾನ ಪ್ರದರ್ಶನದ ಕಣದಲ್ಲಿ ಬೆನ್ನು ಇಳಿಜಾರಾಗಿಸಿ, ಒಂದು ಹಿಂಗಾಲನ್ನು ಹಿಂದಕ್ಕೆ ಚಾಚಿ ನಿಲ್ಲುವ ನಾಯಿ. ಇನ್ನೊಂದು, ಪೊಲೀಸ್, ಸೇನೆ, ಅರಣ್ಯ ಇಲಾಖೆಗಳಲ್ಲಿ ದುಡಿಯುವ ನಾಯಿ. ಸಾಕುವವರು ಇವನ್ನು ಶೋ ಲೈನ್, ವರ್ಕಿಂಗ್ ಲೈನ್ ಎಂದು ಕರೆಯುತ್ತಾರೆ. ತಲೆಮಾರುಗಳಿಂದ ಒಂದರ ತಂದೆ ತಾಯಿಗಳನ್ನು ರೂಪ ನೋಡಿ ಆರಿಸಿದ್ದಾರೆ, ಇನ್ನೊಂದರವನ್ನು ಕೆಲಸ ನೋಡಿ. ಎರಡರ ಮೈಕಟ್ಟೂ ಸ್ವಭಾವವೂ ದೂರ ಸರಿಯಲು ಇದೇ ಮೂಲ.

ಕೆಲಸದ ನಾಯಿಗೆ ಏನು ಬೇಕು ಎಂಬುದಕ್ಕೆ ಗುಂಡ್ಲುಪೇಟೆ ತಾಲ್ಲೂಕಿನವರಿಗೆ ಹತ್ತಿರದ ಉದಾಹರಣೆ ಬಂಡೀಪುರದ ರಾಣಾ. ವನ್ಯಜೀವಿ ಅಪರಾಧ ಪತ್ತೆಗೆ ನಾಯಿಗಳನ್ನು ಸಜ್ಜುಗೊಳಿಸುವ ಟ್ರಾಫಿಕ್ ಸಂಸ್ಥೆಯ ಯೋಜನೆಯಲ್ಲಿ, ಭೋಪಾಲದ ವಿಶೇಷ ಸಶಸ್ತ್ರ ಪಡೆಯ 23ನೇ ಬೆಟಾಲಿಯನ್ನಿನ ಕೇಂದ್ರದಲ್ಲಿ ತರಬೇತಿ ಪಡೆದ ಈ ಜರ್ಮನ್ ಶೆಫರ್ಡ್ ಹುಲಿ ಚರ್ಮ, ಎಲುಬು, ದಂತಗಳ ವಾಸನೆ ಹಿಡಿಯಲು ಕಲಿತು ಬಂದಿತ್ತು. ಬಂಡೀಪುರದಲ್ಲಿ ಅದಕ್ಕೆ ಇನ್ನೊಂದು ಕೆಲಸವೂ ಬಿತ್ತು: ಬದುಕಿರುವ ಹುಲಿಯ ಜಾಡು ಹಿಡಿಯುವುದು. 2019ರಲ್ಲಿ ಚೌಡಹಳ್ಳಿ, ಹುಂಡೀಪುರದ ಕಡೆ ಇಬ್ಬರು ರೈತರನ್ನು ಕೊಂದ ಹುಲಿಯನ್ನು ಅಕ್ಟೋಬರ್‌ನಲ್ಲಿ ಅರಿವಳಿಕೆ ಕೊಟ್ಟು ಸೆರೆಹಿಡಿಯುವ ಮುನ್ನ ನಡೆದ ಹುಡುಕಾಟದಲ್ಲಿ ಸಾಕಾನೆಗಳು, ಕ್ಯಾಮೆರಾ ಟ್ರ್ಯಾಪ್‌ಗಳ ಜೊತೆಗೆ ರಾಣಾನನ್ನೂ ಇಳಿಸಲಾಗಿತ್ತು.

ಆ ಕೆಲಸ ಹೇಗಿರುತ್ತದೆಂದು ನೋಡಿದರೆ ಉಳಿದದ್ದು ತಾನಾಗಿ ತಿಳಿಯುತ್ತದೆ. ಉದ್ದನೆಯ ಹಗ್ಗದ ಒಂದು ತುದಿ ನಾಯಿಯ ಎದೆಪಟ್ಟಿಗೆ, ಇನ್ನೊಂದು ತುದಿ ನಿರ್ವಾಹಕನ ಕೈಯಲ್ಲಿ. ನಾಯಿ ಮೂಗನ್ನು ನೆಲಕ್ಕೆ ತಾಗಿಸಿಕೊಂಡು ಲಂಟಾನದ ಸಂದಿಯಲ್ಲಿ ನುಗ್ಗುತ್ತದೆ, ಹಳ್ಳಕ್ಕೆ ಇಳಿಯುತ್ತದೆ, ಕಲ್ಲುಬಂಡೆ ಹತ್ತುತ್ತದೆ. ವಾಸನೆ ತಪ್ಪಿದಾಗ ತಲೆಯೆತ್ತಿ ಗಾಳಿ ನೋಡಿ, ಅರ್ಧಚಂದ್ರಾಕಾರವಾಗಿ ಸುತ್ತಿ ಮತ್ತೆ ಹಿಡಿಯುತ್ತದೆ. ಬಿಸಿಲೇರಿದಂತೆ ನೆಲದ ವಾಸನೆ ಕರಗುತ್ತದೆ, ಬಾಯಿ ತೆರೆದು ತೇಕುವ ನಾಯಿಗೆ ಮೂಸುವುದೂ ಕಷ್ಟ. ಹೀಗೆ ದುಡಿಯಲು ಹಗುರ ಮೈ, ನೇರ ಬೆನ್ನು, ಗಟ್ಟಿ ಸೊಂಟ ಬೇಕು. ಅದಕ್ಕಿಂತ ಹೆಚ್ಚಾಗಿ, ಸಿಗದಿದ್ದರೂ ಹುಡುಕುವುದನ್ನು ಬಿಡದ ಹಟ ಬೇಕು. ತರಬೇತುದಾರರು ಮರಿ ಆರಿಸುವಾಗ ಈ ಹಟವನ್ನೇ ನೋಡುತ್ತಾರೆ. ಹುಲ್ಲಿನಲ್ಲಿ ಚೆಂಡು ಎಸೆದಾಗ ಎರಡು ಸುತ್ತು ಹುಡುಕಿ ವಾಪಸು ಬರುವ ಮರಿ ಎಷ್ಟೇ ಚೆಲುವಾಗಿದ್ದರೂ ಅದನ್ನು ಬಿಟ್ಟುಬಿಡುತ್ತಾರೆ.

ಪ್ರದರ್ಶನದ ಅಳತೆಗೋಲು ಬೇರೆ. ತೀರ್ಪುಗಾರರ ಮುಂದೆ ತಳಿಯ ಮಾನದಂಡ ಇರುತ್ತದೆ: ಗಂಡು ಜರ್ಮನ್ ಶೆಫರ್ಡ್ ಭುಜದ ಬಳಿ 60ರಿಂದ 65 ಸೆಂಟಿಮೀಟರ್ ಎತ್ತರ, ತೂಕ 30ರಿಂದ 40 ಕಿಲೋ, ಹೆಣ್ಣು 55ರಿಂದ 60 ಸೆಂಟಿಮೀಟರ್. ಹಲ್ಲಿನ ಸಾಲು, ಕಿವಿ, ಬಣ್ಣ, ಓಡುವಾಗಿನ ಹೆಜ್ಜೆ ಎಲ್ಲವನ್ನೂ ನೋಡುತ್ತಾರೆ. ಅಪರಿಚಿತರು ಬಾಯಿ ತೆರೆಸಿ ಹಲ್ಲು ನೋಡಿದರೂ ನಾಯಿ ಸುಮ್ಮನಿರಬೇಕು. ಇದು ಸಣ್ಣ ಗುಣವಲ್ಲ. ಮಕ್ಕಳಿರುವ ಮನೆಗೆ ಬೇಕಾದದ್ದು ಈ ಸಮಾಧಾನವೇ. ತೊಂದರೆ ಹುಟ್ಟುವುದು, ಕಣ್ಣಿಗೆ ಚೆಂದ ಕಂಡ ಒಂದು ಲಕ್ಷಣವನ್ನು ತಲೆಮಾರಿನಿಂದ ತಲೆಮಾರಿಗೆ ಹಿಗ್ಗಿಸುತ್ತ ಹೋದಾಗ.

ಶೆಫರ್ಡ್‌ನ ಬೆನ್ನಿಗೆ ಆದದ್ದು ಅದೇ. ಜರ್ಮನಿಯ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ 1899ರಲ್ಲಿ ಹೋರಾಂಡ್ ಎಂಬ ಕುರಿ ಕಾಯುವ ತಳಿಯ ನಾಯಿಯಿಂದ ಈ ತಳಿಯನ್ನು ಆರಂಭಿಸಿದಾಗ ಕೆಲಸಕ್ಕೆ ಬರುವುದೇ ಅದರ ಸೌಂದರ್ಯವೆಂದು ಭಾವಿಸಿದ್ದ. ಮುಂದೆ ನಾಯಿಗಳು ತೀರಾ ಎತ್ತರವಾಗುತ್ತಿವೆ ಎನ್ನಿಸಿ, 1925ರ ಪ್ರದರ್ಶನದಲ್ಲಿ ಕ್ಲೋಡೋ ಎಂಬ ತುಸು ಗಿಡ್ಡ, ಉದ್ದ ಮೈಯ ನಾಯಿಗೆ ಅಗ್ರ ಪ್ರಶಸ್ತಿ ಕೊಟ್ಟ. ಅದರ ವಂಶ ಹರಡಿತು. ಅಲ್ಲಿಂದ ಮುಂದೆ, ಮುಖ್ಯವಾಗಿ ಪಶ್ಚಿಮ ಜರ್ಮನಿಯ ಶೋ ಲೈನ್‌ನಲ್ಲಿ, ಹಿಂಗಾಲಿನ ಬಾಗು ಹೆಚ್ಚುತ್ತ ಬಂತು. ಅದೇ ಕಾಲದಲ್ಲಿ ಪೂರ್ವ ಜರ್ಮನಿ ಮತ್ತು ಜೆಕೊಸ್ಲೊವಾಕಿಯಾದ ಗಡಿಪಡೆಗಳು ರೂಪದ ಗೊಡವೆಗೆ ಹೋಗದೆ ಗಟ್ಟಿಮುಟ್ಟಾದ ನಾಯಿಗಳನ್ನೇ ಬೆಳೆಸಿದವು. 2016ರಲ್ಲಿ ಇಂಗ್ಲೆಂಡಿನ ಕ್ರಫ್ಟ್ಸ್ ಪ್ರದರ್ಶನದಲ್ಲಿ ತಳಿಯ ಅತ್ಯುತ್ತಮ ಎನಿಸಿದ ಶೆಫರ್ಡ್‌ನ ಇಳಿಜಾರು ಬೆನ್ನು ಮತ್ತು ತೊಡಕಿನ ನಡಿಗೆ ಕಂಡು ಅಲ್ಲಿನ ಜನ ದೊಡ್ಡ ದನಿಯಲ್ಲಿ ಆಕ್ಷೇಪಿಸಿದರು. ಆಕ್ಷೇಪ ನ್ಯಾಯವಾದದ್ದೇ ಆಗಿತ್ತು. ನಡೆಯಲು ಕಷ್ಟಪಡುವ ನಾಯಿಯನ್ನು ತಳಿಯ ಮಾದರಿ ಎನ್ನಲಾಗದು. ಸೊಂಟದ ಕೀಲಿನ ದೋಷ ಎರಡೂ ಬಗೆಯ ಶೆಫರ್ಡ್‌ಗಳಲ್ಲಿ ಉಂಟು. ಆದ್ದರಿಂದ ತಂದೆ ತಾಯಿಗಳ ಸೊಂಟದ ಎಕ್ಸ್‌ರೇ ನೋಡದೆ ಕೂಡಿಸಬಾರದು.

ಜರ್ಮನಿಯ ತಳಿ ಸಂಘ ಶೋ ನಾಯಿಗೂ ಕೆಲಸದ ಪರೀಕ್ಷೆ ಕೇಳುತ್ತದೆ. ಭಾರತದಲ್ಲಿ ಮರಿಯ ನೋಂದಣಿಗೆ ತಂದೆ ತಾಯಿ ನೋಂದಣಿಯಾಗಿರಬೇಕು, ಅಂಥ ಪರೀಕ್ಷೆ ಬೇಕಿಲ್ಲ. ಹಾಗಾಗಿ ಪೇಪರ್ ಇರುವ ಮರಿ ಎಂದರೆ ತಳಿ ಶುದ್ಧ ಎಂದಷ್ಟೇ ಅರ್ಥ, ಕೆಲಸಕ್ಕೆ ಆದೀತು ಎಂದಲ್ಲ. ಗುಂಡ್ಲುಪೇಟೆ, ಚಾಮರಾಜನಗರದ ಕಾಡಂಚಿನ ತೋಟದ ಮನೆಗೆ ಕಾವಲಿಗೆಂದು ಮರಿ ಕೊಳ್ಳುವವರು ಈ ವ್ಯತ್ಯಾಸ ಅರಿತಿದ್ದರೆ ಒಳ್ಳೆಯದು. ಇನ್ನೊಂದು ಎಚ್ಚರವೂ ಬೇಕು. ಅಪ್ಪಟ ವರ್ಕಿಂಗ್ ಲೈನ್ ಮರಿಗೆ ದಿನವೂ ಓಟ, ಹುಡುಕಾಟ, ಪಾಠ ಬೇಕು. ಸರಪಳಿಯಲ್ಲಿ ಕಟ್ಟಿಹಾಕಿದರೆ ಅದೇ ಚೈತನ್ಯ ಬೊಗಳಾಟವಾಗಿ, ಕಚ್ಚಾಟವಾಗಿ ತಿರುಗುತ್ತದೆ. ಚಿರತೆ ಓಡಾಡುವ ಊರಿನಲ್ಲಂತೂ ರಾತ್ರಿ ಹೊರಗೆ ಕಟ್ಟಿದ ನಾಯಿ, ಯಾವ ಲೈನ್‌ನದೇ ಆಗಲಿ, ಚಿರತೆಗೆ ಸುಲಭದ ಬೇಟೆ.

ಲ್ಯಾಬ್ರಡಾರ್‌ನಲ್ಲೂ ಇದೇ ಕವಲು ಕಾಣುತ್ತದೆ. ಶೋ ಲ್ಯಾಬ್ರಡಾರ್ ಅಗಲ ಎದೆಯ, ದಪ್ಪ ಬಾಲದ, ತೂಕದ ನಾಯಿ. ಕೆಲಸದ್ದು ಸಪೂರ, ಚುರುಕು. ಈ ತಳಿಯ ಹೊಟ್ಟೆಬಾಕತನದ ಹಿಂದೆ 2016ರಲ್ಲಿ ಕೇಂಬ್ರಿಡ್ಜ್ ವಿಜ್ಞಾನಿಗಳು ಹಸಿವನ್ನು ಹೆಚ್ಚಿಸುವ ಒಂದು ಜೀನ್ ವ್ಯತ್ಯಾಸವನ್ನು ಗುರುತಿಸಿದರು. ಪರೀಕ್ಷಿಸಿದ ಸಾಮಾನ್ಯ ಲ್ಯಾಬ್ರಡಾರ್‌ಗಳಲ್ಲಿ ಶೇ 23ರಷ್ಟರಲ್ಲಿ ಇದ್ದ ಅದು, ಅಂಗವಿಕಲರಿಗೆ ನೆರವಾಗುವ ನಾಯಿಗಳಲ್ಲಿ ಶೇ 76ರಷ್ಟರಲ್ಲಿ ಕಂಡಿತು. ತಿಂಡಿಯ ಆಸೆಗೆ ಬೇಗ ಕಲಿಯುವ ನಾಯಿಗಳನ್ನು ಆರಿಸುತ್ತ ಹೋದಾಗ ಆ ಜೀನೂ ಜೊತೆಯಲ್ಲಿ ಬಂದಿರಬಹುದು. ಕೆಲಸ ನೋಡಿ ಆರಿಸಿದರೂ ಕೇಳದೇ ಇದ್ದ ಗುಣವೊಂದು ಹೀಗೆ ಒಳನುಸುಳುತ್ತದೆ.

ಕರ್ನಾಟಕದ ಮುಧೋಳ ನಾಯಿ ಈಗ ಇಂಥದೇ ಕವಲಿನಲ್ಲಿ ನಿಂತಿದೆ. ಇದು ಕಣ್ಣಿನಿಂದ ಬೇಟೆ ಗುರುತಿಸಿ ಓಡಿ ಹಿಡಿಯುವ ತಳಿ. ನೀಳ ಕಾಲು, ಆಳದ ಎದೆ, ಒಳಸರಿದ ಹೊಟ್ಟೆ ಎಲ್ಲವೂ ಮೊಲದ ಹಿಂದೆ ಓಡಿ ಓಡಿ ಬಂದದ್ದು. 1972ರ ವನ್ಯಜೀವಿ ಕಾಯ್ದೆಯಡಿ ಆ ಬೇಟೆಗೆ ಈಗ ಕಾನೂನಿನ ಅವಕಾಶವಿಲ್ಲ, ಇರಲೂ ಬಾರದು. ಆದರೆ ಓಟದ ಪರೀಕ್ಷೆ ನಿಂತ ಮೇಲೆ ಉಳಿಯುವುದು ನೋಟದ ಪರೀಕ್ಷೆ ಮಾತ್ರ. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ಈ ತಳಿಯನ್ನು ಬೆಳೆಸಲಾಗುತ್ತಿದೆ. 2016ರಲ್ಲಿ ಸೇನೆ ಮುಧೋಳ ಮರಿಗಳನ್ನು ಮೀರತ್‌ಗೆ ಒಯ್ದು ತರಬೇತಿ ಕೊಟ್ಟಿತು. ಬಂಡೀಪುರದಲ್ಲೂ ಮಾರ್ಗರೆಟ್ ಎಂಬ ಮುಧೋಳ ನಾಯಿಯನ್ನು ಕಾಡಿನ ಕಾವಲಿಗೆ ಸೇರಿಸಲಾಯಿತು. ನೆಲದ ವಾಸನೆ ಹಿಡಿದು ನಿಧಾನವಾಗಿ ಸಾಗುವುದು ಇದರ ಹುಟ್ಟುಗುಣವಲ್ಲ. ತಿಂಡಿ, ಚೆಂಡುಗಳ ಆಸೆಯೂ ಶೆಫರ್ಡ್‌ನಷ್ಟು ಇಲ್ಲ. ಆದ್ದರಿಂದ ತರಬೇತಿಗೆ ಹೆಚ್ಚು ತಾಳ್ಮೆ ಬೇಕು. ಆದರೆ ಇಲ್ಲಿನ ಬಿಸಿಲಿಗೆ ಒಗ್ಗಿದ ತೆಳು ರೋಮದ ಮೈ, ವೇಗ, ದೂರದ ಅಲುಗಾಟವನ್ನೂ ಗುರುತಿಸುವ ಕಣ್ಣು ಅದಕ್ಕಿವೆ. ಬಯಲಿನ ಗಸ್ತಿಗೆ, ಗಡಿ ಕಾವಲಿಗೆ ಹೊಂದುವ ಗುಣಗಳಿವು. ಅಂಥ ಕೆಲಸದಲ್ಲಿ ಗೆದ್ದ ಮುಧೋಳ ನಾಯಿಗಳಿಂದಲೇ ಮುಂದಿನ ಮರಿಗಳನ್ನು ಪಡೆದರೆ ಓಟದ ಜಾಗಕ್ಕೆ ಹೊಸದೊಂದು ಪರೀಕ್ಷೆ ಸಿಕ್ಕಂತಾಗುತ್ತದೆ.