ಇಳಿಬಿದ್ದ ತೋಳು ಮತ್ತು ಮಂಜಿನ ಪೆಟ್ಟಿಗೆ

ಶ್ರೀನಿವಾಸಪುರದ ರಸ್ತೆಗಳನ್ನೆಲ್ಲ ಮಾವಿನ ಗಾಡಿಗಳು ಆಕ್ರಮಿಸಿದ್ದ ಸುಗ್ಗಿಯ ಕಾಲದಲ್ಲಿ, ಆ ತಾಲ್ಲೂಕಿನ ಒಂದು ಆರೋಗ್ಯ ಕೇಂದ್ರದ ಮೂಲೆಯಲ್ಲಿ ಪ್ರತ್ಯೇಕವಾಗಿ ಇರಿಸಿದ್ದ ಪೆಟ್ಟಿಗೆಯೊಂದನ್ನು ಸಿಸ್ಟರಮ್ಮನವರು ತೋರಿಸಿದಂದಿನಿಂದ ಅದು ನನ್ನ ಚಿತ್ತವನ್ನು ಬಿಟ್ಟಿಲ್ಲ. ಹದಿನೈದು ವರ್ಷದೊಳಗಿನ ಮಗುವಿನ ಕೈಯೋ ಕಾಲೋ ಹಠಾತ್ತನೆ ಬಲಗುಂದಿ ಜೋತುಬಿದ್ದರೆ, ಎರಡು ಬಾರಿ, ಕನಿಷ್ಠ 24 ಗಂಟೆಗಳ ಅಂತರದಲ್ಲಿ, ಹೆಬ್ಬೆರಳ ಗಾತ್ರದ, ಸುಮಾರು 8 ಗ್ರಾಂ ಮಲವನ್ನು ಡಬ್ಬಿಯಲ್ಲಿ ಭದ್ರಪಡಿಸಿ, ಐಸ್‌ಪ್ಯಾಕ್‌ಗಳ ನಡುವೆ 2ರಿಂದ 8 ಡಿಗ್ರಿ ಶೈತ್ಯದಲ್ಲಿ ಬೆಂಗಳೂರಿನ ವೈರಾಣು ಪ್ರಯೋಗಾಲಯಕ್ಕೆ ಒಯ್ಯುವ ಪೆಟ್ಟಿಗೆಯದು. ಮಲವನ್ನು ಹೊತ್ತ ಪೆಟ್ಟಿಗೆ ಮತ್ತೆ ಲಸಿಕೆಯನ್ನು ಹೊರಲಾಗದು. ಅದಕ್ಕೆಂದೇ ಮೇಲೆ ಗುರುತು, ಬೇರೆ ಜಾಗ. ಮುಚ್ಚಳದ ಅಂಚನ್ನು ಒರೆಸುತ್ತಿದ್ದ ಆಕೆಯ ಶ್ರದ್ಧೆ ಕಂಡು ನನಗೆ ಗೌರವವುಂಟಾಯಿತು.

1995ರ ಪಲ್ಸ್ ಪೋಲಿಯೋ, 1997ರಲ್ಲಿ ಮೊದಲಾದ, ಈ ಪೆಟ್ಟಿಗೆಯನ್ನು ಬಳಸುವ ಪೋಲಿಯೋ ಕಣ್ಗಾವಲು, 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡ ದೇಶದ ಕೊನೆಯ ವನ್ಯ ಪೋಲಿಯೋ ಪ್ರಕರಣ, 2014ರ ಮಾರ್ಚ್ 27ರ ಪೋಲಿಯೋ-ಮುಕ್ತ ಪ್ರಮಾಣಪತ್ರ: ಇವೆಲ್ಲ ಓದುಗರಿಗೆ ತಿಳಿದವೇ. ಆದರೆ ಅದೇ 2014ರಲ್ಲಿ ಅಮೆರಿಕದಲ್ಲಿ ನೆಗಡಿ, ಜ್ವರಗಳ ಬೆನ್ನಿಗೇ ಮಕ್ಕಳ ತೋಳುಗಳು ಇಳಿಬೀಳತೊಡಗಿದ ವ್ಯಾಧಿ, ಅಕ್ಯೂಟ್ ಫ್ಲಾಸಿಡ್ ಮೈಲೈಟಿಸ್, ಪೋಲಿಯೋವಿನಂತೆಯೇ ಮೆದುಳುಬಳ್ಳಿಯ ಬೂದು ಭಾಗದ ಚಾಲಕ ನರಕೋಶಗಳನ್ನು ಹಾಳುಗೆಡವುವಂತಹುದು. ಸ್ಪರ್ಶಜ್ಞಾನ ಬಹುಮಟ್ಟಿಗೆ ಉಳಿದು, ಒಂದು ಅಂಗ ಮಾತ್ರ ಬಲಹೀನವಾಗುವುದುಂಟು. ಎರಡೂ ಕಾಲುಗಳಿಂದ ಸಮವಾಗಿ ಮೇಲೇರುವ ಗೀಲಾನ್-ಬಾರೆ ಎಂಬ ನರರೋಗದಿಂದ ಇದನ್ನು ಬೇರ್ಪಡಿಸುವುದು ಎಂಆರ್‌ಐ. ಇದರೊಡನೆ ಹೆಚ್ಚಾಗಿ ತಳುಕು ಹಾಕಿಕೊಂಡಿರುವ ಎಂಟರೋವೈರಸ್ ಡಿ68, ಕ್ಯಾಲಿಫೋರ್ನಿಯಾದಲ್ಲಿ 1962ರಲ್ಲೇ ಪತ್ತೆಯಾದುದು.

ನನ್ನ ಪೆಟ್ಟಿಗೆಯ ಮೋಹಕ್ಕೆ ತೊಡಕೊದಗುವುದು ಇಲ್ಲಿಯೇ. ಈ ವೈರಾಣುವಿನ ನೆಲೆ ಶ್ವಾಸಮಾರ್ಗ. ಹೊಟ್ಟೆಯ ಆಮ್ಲವನ್ನು ಸಹಿಸಲಾರದ ಅದು ಮಲದಲ್ಲಿ ಸಿಗುವುದೇ ಅಪರೂಪ. ಆದುದರಿಂದ ಪ್ರಯೋಗಾಲಯವು ಪೋಲಿಯೋ ಅಲ್ಲವೆಂದು ಬರೆದು ಕಳುಹಿದಾಗ, ಊರಿಗೆ ನೆಮ್ಮದಿ, ಮಗುವಿನ ಮನೆಗೆ ಮಾತ್ರ ಕಾರಣವಿಲ್ಲದ ರೋಗ. ಮಲದ ಜೊತೆ ಗಂಟಲ ದ್ರವವೂ, ಅದೂ ಮೊದಲ ದಿನಗಳಲ್ಲಿಯೇ, ಹೋಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲ ದಿನಗಳೇ ಕಳೆದುಹೋಗುವುದು ನಮ್ಮ ಸಂಕಟ. ಮುಳಬಾಗಿಲಿನ ಹಳ್ಳಿಗಳಲ್ಲಿ ಗಾಳಿ ಸೋಕಿತೆಂದು ತಾಯಿತ ಕಟ್ಟುವವರುಂಟು. ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ಕೂಲಿ ತಪ್ಪಿದರೆ ಒಲೆ ಹೊತ್ತದೆಂದು ಎಣ್ಣೆ ತಿಕ್ಕಿ ಕಾಯುವವರುಂಟು. ಅವರನ್ನು ದೂಷಿಸಲು ನನಗೆ ಮನಸ್ಸಿಲ್ಲ. ಆದರೆ ಬಲಹೀನತೆ ಉಸಿರಾಟದ ಸ್ನಾಯುಗಳಿಗೇರಿದರೆ ಕೆಲವೇ ಗಂಟೆಗಳಲ್ಲಿ ಯಂತ್ರದ ನೆರವು ಬೇಕಾದೀತು. ಈ ವ್ಯಾಧಿಯನ್ನು ನಿಶ್ಚಯವಾಗಿ ಗುಣಪಡಿಸುವ ಔಷಧಿ ಇನ್ನೂ ಇಲ್ಲ. ತಿಂಗಳುಗಟ್ಟಲೆ ಎಡೆಬಿಡದೆ ನಡೆಸುವ ಫಿಸಿಯೋಥೆರಪಿಯಿಂದ ಕೆಲವು ಮಕ್ಕಳ ತೋಳಿಗೆ ಬಲ ಮರಳುತ್ತದೆ, ಹಲವರಲ್ಲಿ ಕೊರತೆ ಉಳಿದೇ ಇರುತ್ತದೆ. ಆ ವ್ಯಾಯಾಮವನ್ನು ಕೋಲಾರಕ್ಕೋ ಬೆಂಗಳೂರಿಗೋ ಬಸ್ಸು ಹತ್ತಿಸದೆ ತಾಲ್ಲೂಕಿನ ಆಸ್ಪತ್ರೆಯಲ್ಲಿಯೇ ಒದಗಿಸುವುದು, ಪೆಟ್ಟಿಗೆಯನ್ನು ಕಾಯುವಷ್ಟೇ ಅಗತ್ಯವಾದ ಕೆಲಸ.