ಹಳೆಯ ಬಂಗಲೆ ಮಾರಾಟಕ್ಕಿದೆ: ಚೆಲುವಿನ ಜೊತೆ ನೋಡಬೇಕಾದದ್ದೇನು?

ಊಟಿ: ನೀಲಗಿರಿಯಲ್ಲಿ ಬ್ರಿಟಿಷರ ಕಾಲದ ಬಂಗಲೆಯೊಂದು ಮಾರಾಟಕ್ಕೆ ಬಂದರೆ ಹೆಚ್ಚಿನವರು ಮೊದಲು ಕೇಳುವುದು ಜಾಗ ಎಷ್ಟು ಸೆಂಟು ಎಂದು. ಮನೆಯ ಮಾತು ಆಮೇಲೆ. ಜಾಗಕ್ಕಷ್ಟೇ ಬೆಲೆ ಕಟ್ಟುವವರ ಕೈಗೆ ಹೋದ ಮನೆ ಉಳಿಯುವುದು ಕಷ್ಟ.

ವಿಕ್ಟೋರಿಯಾ ರಾಣಿ ಆಳಿದ 1837ರಿಂದ 1901ರವರೆಗಿನ ಕಾಲದ ಶೈಲಿಯ ಮನೆಗಳಿಗೆ ವಿಕ್ಟೋರಿಯನ್ ಮನೆ ಎಂದು ಹೆಸರು. ಊಟಿಯಲ್ಲಿ ಅದಕ್ಕೂ ಮೊದಲೇ, 1822ರಲ್ಲಿ, ಕೊಯಮತ್ತೂರು ಕಲೆಕ್ಟರ್ ಜಾನ್ ಸಲಿವನ್ ಕಲ್ಲಿನ ಬಂಗಲೆಯ ಕೆಲಸ ಆರಂಭಿಸಿದ್ದರು. ಜನರ ಬಾಯಲ್ಲಿ ಅದು 'ಕಲ್ ಬಂಗಲೆ' ಆಯಿತು. ಇಂದು ಅದು ಸರ್ಕಾರಿ ಕಲಾ ಕಾಲೇಜಿನ ಆವರಣದಲ್ಲಿದೆ. ಮುಂದಿನ ದಶಕಗಳಲ್ಲಿ ಊಟಿ, ಕೂನೂರು, ಕೋತಗಿರಿಗಳಲ್ಲಿ ಸಾಲು ಸಾಲು ಬಂಗಲೆಗಳು ಎದ್ದವು.

ಈ ಮನೆಗಳ ಚೆಲುವು ಬರೀ ಅಲಂಕಾರವಲ್ಲ, ಚಳಿ ಮಳೆಗೆ ಕಂಡುಕೊಂಡ ಉಪಾಯ. ಕಡಿದಾದ ಸೂರು ಮಳೆನೀರನ್ನು ನಿಲ್ಲಗೊಡುವುದಿಲ್ಲ. ಹೊರಚಾಚಿದ ಗಾಜಿನ ಕಿಟಕಿ ಬಿಸಿಲನ್ನು ಕೋಣೆಯೊಳಗೆ ಕರೆಯುತ್ತದೆ. ಗೋಡೆಯೊಳಗಿನ ಅಗ್ಗಿಷ್ಟಿಕೆ ಕೋಣೆಯನ್ನು ಬೆಚ್ಚಗಿಟ್ಟರೆ, ಚಿಮಣಿ ಹೊಗೆಯನ್ನು ಹೊರಗೆ ಕಳಿಸುತ್ತದೆ. ಮರದ ನೆಲ ಕಾಲಿಗೆ ತಣ್ಣಗಾಗದು.

ಕೊಳ್ಳುವವರು ಗಮನಿಸಬೇಕಾದದ್ದೂ ಇಲ್ಲಿಯೇ. ಮರದ ನೆಲದ ಕೆಳಗೆ ಗಾಳಿಯಾಡಲು ತಳಪಾಯದಲ್ಲಿ ಕಿಂಡಿ ಬಿಟ್ಟಿರುತ್ತಾರೆ. ಹೂದೋಟದ ಮಣ್ಣು ಏರಿ ಅವು ಮುಚ್ಚಿದರೆ ಹಲಗೆ ಕೊಳೆಯುತ್ತದೆ. ಹಳೆಯ ಗೋಡೆಗೆ ಸುಣ್ಣದ ಗಾರೆ ಹಾಕಿರುತ್ತಾರೆ. ಅದು ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಗಟ್ಟಿಯಾಗಲೆಂದು ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಬಣ್ಣ ಉಬ್ಬುತ್ತದೆ, ಗೋಡೆಯೊಳಗಿನ ತೊಲೆಯ ತುದಿ ಮೆತ್ತಗಾಗುತ್ತದೆ. ಹೊಸದಾಗಿ ಬಣ್ಣ ಹೊಡೆದ ಮನೆಯನ್ನು ಮಳೆಗಾಲದಲ್ಲಿ ಇನ್ನೊಮ್ಮೆ ನೋಡುವುದು ಲೇಸು. ಗೆದ್ದಲು, ಹಳೆಯ ವಿದ್ಯುತ್ ತಂತಿ, ಚಿಮಣಿಯ ಮಸಿ ಇವನ್ನು ಬಲ್ಲವರಿಂದ ಪರೀಕ್ಷಿಸಬೇಕು.

ಕಾಗದಪತ್ರದ ವಿಷಯದಲ್ಲಿ ಅವಸರ ಸಲ್ಲದು. ಪಟ್ಟಾ ಯಾರ ಹೆಸರಿನಲ್ಲಿದೆ, ಜಾಗ ಸ್ವಂತದ್ದೋ ಗುತ್ತಿಗೆಯದೋ, ಮೇಲೆ ಸಾಲವಿದೆಯೋ ಎಂಬುದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯ ವಿಲ್ಲಂಗ ಪತ್ರದೊಂದಿಗೆ ತಾಳೆ ನೋಡಬೇಕು. ಗುಡ್ಡಗಾಡಿನ ಕಟ್ಟಡ ನಿಯಮಗಳು ಬಿಗಿಯಾಗಿವೆ. ಕೆಡವಿ ದೊಡ್ಡದು ಕಟ್ಟುವ ಲೆಕ್ಕಾಚಾರ ಕೈಕೊಡಬಹುದು.

ಕೈ ಬದಲಾದ ಮಾತ್ರಕ್ಕೆ ಮನೆ ಹಾಳಾಗಬೇಕೆಂದಿಲ್ಲ. 1844ರಲ್ಲಿ ಬಂಗಲೆಯಾಗಿ ಆರಂಭವಾದ ಫರ್ನ್‌ಹಿಲ್ 1873ರಲ್ಲಿ ಮೈಸೂರು ಅರಸರಿಗೆ ಸೇರಿ ಅರಮನೆಯಾಗಿ ಬೆಳೆಯಿತು, ಬಳಿಕ ಹೋಟೆಲ್ ಆಯಿತು. ಉಪಯೋಗ ಬದಲಾದರೂ ಹೆಸರು ಉಳಿಯಿತು.

'ಮನೆ ಕಟ್ಟಿ ನೋಡು' ಎಂಬ ಗಾದೆ ನಮ್ಮಲ್ಲಿದೆ. ಕಟ್ಟಿದ್ದನ್ನು ಕೊಂಡು ಉಳಿಸುವುದೂ ಅಷ್ಟೇ ದೊಡ್ಡ ಕೆಲಸ. ಸುಣ್ಣದ ಕೆಲಸ ಬಲ್ಲ ಗಾರೆಯವರು, ಹಳೆಯ ಮರದ ಗುಣ ತಿಳಿದ ಬಡಗಿಗಳು ವಿರಳವಾಗುತ್ತಿದ್ದಾರೆ. ಇಂತಹ ಒಂದೊಂದು ಮನೆ ಉಳಿದರೆ ಅವರ ಕೈಗೂ ಕೆಲಸ ಉಳಿಯುತ್ತದೆ.